ಕಾಶಿ ರಾಜ ಕೊಡಿಸಿದ ಇಂಗ್ಲೆಂಡಿನ ಬಾವಿ

ಬ್ರಿಟಿಷರು ನಮ್ಮಲ್ಲಿ ಕಟ್ಟಿಸಿದ ಸೇತುವೆ, ರೈಲುದಾರಿಗಳ ಬಗ್ಗೆ ಬೇಕಾದಷ್ಟು ಓದಿದ್ದೇವೆ. ನಮ್ಮ ದೇಶದ ಅರಸನೊಬ್ಬ ಇಂಗ್ಲೆಂಡಿನ ಹಳ್ಳಿಗೆ ಕುಡಿಯುವ ನೀರು ಕೊಡಿಸಿದ್ದು ಗೊತ್ತೇ?

ಹಳ್ಳಿಯ ಹೆಸರು ಸ್ಟೋಕ್ ರೋ. ಆಕ್ಸ್‌ಫರ್ಡ್‌ಶೈರ್‌ನಲ್ಲಿ, ಚಿಲ್ಟರ್ನ್ ಗುಡ್ಡಗಳ ಮೇಲಿದೆ. ಮಳೆಗೇನೂ ಬರವಿಲ್ಲ. ಆದರೆ ನೆಲದಡಿ ಸೀಮೆಸುಣ್ಣದಂಥ ಕಲ್ಲು; ನೀರು ತೀರಾ ಆಳಕ್ಕೆ ಇಳಿದುಬಿಡುತ್ತದೆ. ಹಾಗಾಗಿ ಜನ ಹೊಂಡಗಳಲ್ಲಿ, ಜೇಡಿಮಣ್ಣಿನ ಗುಂಡಿಗಳಲ್ಲಿ ನಿಂತ ನೀರನ್ನೇ ನೆಚ್ಚಿಕೊಂಡಿದ್ದರು.

ಪಕ್ಕದ ಇಪ್ಸ್‌ಡನ್‌ನ ಎಡ್ವರ್ಡ್ ಆಂಡರ್ಡನ್ ರೀಡ್ ಉತ್ತರ ಭಾರತದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. 1831ರಲ್ಲಿ ಆಜಂಗಢದ ಜನರಿಗಾಗಿ ಒಂದು ಬಾವಿ ತೋಡಿಸಿದ್ದರು. ತಮ್ಮೂರ ಕಡೆ ಮನೆಯ ಕೊನೆಯ ನೀರು ಕುಡಿದ ತಪ್ಪಿಗೆ ಹುಡುಗನೊಬ್ಬ ತಾಯಿಯಿಂದ ಏಟು ತಿಂದ ಕಥೆಯನ್ನು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಗರಿಗೆ ಹೇಳಿದ್ದರಂತೆ. ಮಹಾರಾಜರು ಅದನ್ನು ಮರೆಯಲಿಲ್ಲ.

1863ರಲ್ಲಿ ಕೆಲಸ ಶುರುವಾಯಿತು. ನಾಲ್ಕೇ ಅಡಿ ಅಗಲ, 368 ಅಡಿ ಆಳ! ಕುತುಬ್ ಮಿನಾರ್‌ನ ಎತ್ತರದ ಒಂದೂವರೆ ಪಟ್ಟಿಗೂ ಹೆಚ್ಚು. ಅಷ್ಟನ್ನೂ ಆಳುಗಳು ಕೈಯಲ್ಲೇ ತೋಡಿದರು. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದಂದು, 1864ರ ಮೇ 24ಕ್ಕೆ, ಬಾವಿ ಜನರಿಗೆ ತೆರೆಯಿತು. ಮೇಲೊಂದು ಗುಮ್ಮಟ, ನೀರು ಸೇದುವ ಯಂತ್ರದ ಮೇಲೆ ಚಿನ್ನದ ಬಣ್ಣದ ಆನೆ. ನೀರು ಉಚಿತ. ಪಕ್ಕದಲ್ಲೇ ಚೆರ್ರಿ ತೋಟ. ಹಣ್ಣು ಮಾರಿದ ದುಡ್ಡು ಬಾವಿಯ ಖರ್ಚಿಗೆ. ಬರೀ ದಾನವಲ್ಲ ನೋಡಿ, ದಾನ ಬಾಳುವ ವ್ಯವಸ್ಥೆಯೂ ಆಗಿತ್ತು.

ಇದರಲ್ಲಿ ರಾಜಕೀಯ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದಿರಬಹುದು. 1857ರ ದಂಗೆಯಲ್ಲಿ ಈ ಮಹಾರಾಜರು ಬ್ರಿಟಿಷರ ಪರ ನಿಂತವರು. ಗೆದ್ದವರ ಸ್ನೇಹ ಅವರಿಗೂ ಬೇಕಿತ್ತು. ಆದರೆ ದರಬಾರಿಗೆ ಕಾಣಿಕೆ ಒಪ್ಪಿಸುವುದು ಬೇರೆ, ಯಾರೂ ಲೆಕ್ಕಕ್ಕಿಡದ ಹಳ್ಳಿಯ ಹೆಂಗಸರ ಕೊಡ ತುಂಬಿಸುವುದು ಬೇರೆ.

ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ಬಾವಿ ಊರಿಗೆ ನೀರು ಕೊಟ್ಟಿತು. ನಲ್ಲಿ ಬಂದ ಮೇಲೆ ಸೇದುವುದು ನಿಂತಿತು, ಆದರೆ ಊರವರು ಬಾವಿಯನ್ನು ಕಸದ ಗುಂಡಿ ಮಾಡಲಿಲ್ಲ. 1964ರ ಶತಮಾನೋತ್ಸವಕ್ಕೆ ಪ್ರಿನ್ಸ್ ಫಿಲಿಪ್ ಬಂದಿದ್ದರು. ಗುಮ್ಮಟ, ಆನೆ ಎಲ್ಲವನ್ನೂ ಇಂದಿಗೂ ಜೋಪಾನವಾಗಿ ಕಾಪಾಡಿದ್ದಾರೆ.

ನಮ್ಮೂರುಗಳಲ್ಲಿಯೂ ಯಾರೋ ಪುಣ್ಯಾತ್ಮರು ತೋಡಿಸಿದ ಬಾವಿಗಳಿವೆ. ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ಮುಂದಿನ ರಜೆಗೆ ಹೋದಾಗ ಹಿರಿಯರನ್ನು ಕೇಳಿ, ಬರೆದಿಟ್ಟುಕೊಂಡು ಬನ್ನಿ.