ಹೊಲದ ದಾರ್ಯಾಗಿನ ಬಳಿ ಕೈ

ಎಳ್ಳ ಅಮಾಸಿ ದಿನ ಬುತ್ತಿ ಹೊತಗೊಂಡು ಚರಗ ಚೆಲ್ಲಾಕ ಹೋಗೋ ದಾರ್ಯಾಗ ಕೆತ್ತಿದ ಕಲ್ಲು ಕಾಣದ ಊರು ನಮ್ಮ ಗದಗ ಸೀಮ್ಯಾಗ ಕಡಿಮಿ. ಅಗಸಿ ಬಾಜೂಕ, ಹನುಮಪ್ಪನ ಗುಡಿ ಹಿಂದ, ಹೊಲದ ಬದುವಿನ್ಯಾಗ ಅರ್ಧ ಹೂತು ನಿಂತಿರತಾವ. ಕುಂಕುಮ ಹಚ್ಚಿ ಮುಂದ ಹೋಗ್ತೀವಿ. ಒಂದು ಗಳಿಗಿ ನಿಂತು ನೋಡ್ರಿ ಅಂತ ನನ್ನ ಮಾತು.

ವೀರಗಲ್ಲನ್ನ ಕೆಳಗಿಂದ ಮ್ಯಾಲ ಓದಬೇಕು. ತಳದ ಪಟ್ಟಿಯೊಳಗ ಕಾಳಗ: ಕತ್ತಿ, ಬಿಲ್ಲು, ಒಮ್ಮೊಮ್ಮೆ ಕುದುರಿ. ಬಾಜೂಕ ದನಾ ಕೆತ್ತಿದ್ರ ಅದು ತುರುಗಾಳಗ, ಅಂದ್ರ ಊರ ದನಾ ಹೊಡಕೊಂಡು ಹೋಗಾಕ ಬಂದವರ ಕೂಡ ಬಡದಾಡಿ ಸತ್ತಾಂವ. ಆಗ ದನಾನ ರೊಕ್ಕ, ದನಾನ ಒಕ್ಕಲತನ. ನಡುವಿನ ಪಟ್ಟಿಯೊಳಗ ಅಪ್ಸರೆಯರು ಅವನ್ನ ಎರಡೂ ಕಡೆ ಹಿಡಕೊಂಡು ಮ್ಯಾಲ ಒಯ್ಯತಾರ. ಮ್ಯಾಲಿನ ಪಟ್ಟಿಯೊಳಗ ಲಿಂಗದ ಮುಂದ ಕುಂತಾಂವ ಅದೇ ವೀರ. ತುದಿಗೆ ಸೂರ್ಯ, ಚಂದ್ರ. ಅವು ಇರೂತನಕ ಇವನ ಹೆಸರೂ ಇರಲಿ ಅಂತ.

ಅಕ್ಷರ ಇದ್ದ ಕಲ್ಲಿನ ನಸೀಬ ಬ್ಯಾರೆ. ಮಂಡ್ಯ ಜಿಲ್ಲಾದ ಆತಕೂರಾಗ ಕಾಳಿ ಅನ್ನೋ ಬೇಟೆ ನಾಯಿ ಹಂದಿ ಕೂಡ ಕಾದಾಡಿ ಎರಡೂ ಸತ್ತುವು. ಗಂಗರ ಬೂತುಗನ ಕಡೆಯ ಮಣಲೇರ ಆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜಾಕ್ಕ ಭೂಮಿನೂ ಬಿಟ್ಟ. 950ರ ಸುಮಾರಿನ ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್‌ನ್ಯಾಗ ಐತಿ. ಸಾವಿರ ವರ್ಷ ಆದ್ರೂ ಒಂದು ನಾಯಿ ಹೆಸರು ನಮಗ ಗೊತ್ತು.

ಮಾಸ್ತಿಕಲ್ಲಿನ ಹೆಣ್ಣುಮಗಳದು? ಕಂಬದಿಂದ ಹೊರಗ ಬಂದ ಒಂದು ಕೈ, ಮೊಣಕೈಗೆ ಬಾಗಿದ್ದು, ಅಂಗೈ ತೆರೆದದ್ದು, ತುಂಬ ಬಳಿ. ಗಂಡನ ಚಿತಿಯೊಳಗ ಸುಟ್ಟಾಕಿಯ ಬಳಿ ಒಡದಿಲ್ಲ, ಮುತ್ತೈದಿಯಾಗೇ ಹೋದಳು ಅಂತ ಅದರ ಅರ್ಥ. ಎಷ್ಟೋ ಕಲ್ಲಿನ ಮ್ಯಾಲ ಹೆಸರ ಇಲ್ಲ. 1057ರ ಬೆಳತೂರಿನ ಶಾಸನದೊಳಗ ದೇಕಬ್ಬೆ ಹೆಸರು ಉಳದೈತಿ. ಬ್ಯಾಡ ಅಂತ ತಾಯಿ ತಂದಿ ಹೇಳಿದ್ದೂ ಅದರಾಗ ಐತಿ. ಅಂಥಾ ಅದೃಷ್ಟ, ಅದನ್ನ ಅದೃಷ್ಟ ಅನ್ನೂದಾದ್ರ, ಎಷ್ಟು ಮಂದಿಗೆ ಸಿಕ್ಕೀತು? 1829ರಾಗ ಬಂಗಾಳದಾಗ ಸತಿ ನಿಲ್ಲಿಸೋ ಕಾನೂನು ಬಂತು, ಮರುವರ್ಷ ಮುಂಬಯಿ ಇಲಾಖೆಗೂ ಬಂತು. ಆಗ ನಮ್ಮ ಸೀಮಿ ಅದರಾಗ ಇತ್ತು. ನಾ ಆ ಕೈಗೆ ನಮಸ್ಕಾರ ಮಾಡತೀನಿ, ಆದ್ರ ನನ್ನ ಮಗಳಿಗೆ ಆಕಿಯಂಗ ಆಗು ಅಂತ ಬೇಡೂದಿಲ್ಲ.

ಹೆಸರಿಲ್ಲದಾಕಿಗೆ ಇರೋ ವಿಳಾಸ ಆ ಜಾಗಾ ಒಂದ. ಯಾವ ಊರು, ಯಾವ ದಾರಿ, ಬಾಜೂಕ ಯಾರ ವೀರಗಲ್ಲು ಅನ್ನೂದ್ರಿಂದ ಆಕಿ ಯಾರು ಅಂತ ಅಂದಾಜು ಮಾಡಬೇಕು. ನಮ್ಮ ಕಡೆ ಒಂದೂರಾಗ ರಸ್ತಾ ಅಗಲ ಮಾಡೂಮುಂದ ಅಂಥಾ ಕಲ್ಲು ಕಿತ್ತು ಹಳ್ಳದ ದಂಡಿಗೆ ಒಗದರು. ಈಗ ಅದರ ಮ್ಯಾಲ ಅರಿವಿ ಒಗೀತಾರ. ಇನ್ನೊಂದು ಕಡೆ ಭಕ್ತಿಯಿಂದ ಎಣ್ಣಿ ಬಣ್ಣ ಬಳದು ಅಕ್ಷರ ಮುಚ್ಚ್ಯಾರ. ಬಣ್ಣಕ್ಕಿಂತ ಕಿತ್ತದ್ದು ಕೆಟ್ಟದ್ದು ಅಂತೀನಿ, ಬಣ್ಣಾ ತೆಗೀಬಹುದು.

ಹೊಲಕ್ಕ ಹೋದಾಗ ಕಲ್ಲು ಅಲುಗಿಸಬ್ಯಾಡ್ರಿ. ಮುಂಜಾನಿ ಇಲ್ಲಾ ಸಂಜಿ ಬಿಸಲು ಓರಿಯಾಗಿ ಬಿದ್ದಾಗ ನೋಡ್ರಿ, ಮಧ್ಯಾಹ್ನ ಕಾಣದ ಅಕ್ಷರ, ಬಳಿಯ ಗೆರಿ ಆಗ ಎದ್ದು ಕಾಣತಾವ. ಫೋಟೋ ತೆಗದು, ಯಾರ ಹೊಲ, ಯಾವ ದಾರಿ ಅಂತ ಹಿಂದ ಬರದಿಡ್ರಿ.