ಅಮೆರಿಕನ್ ಫುಟ್‌ಬಾಲ್ ಮತ್ತು ಸಾಕರ್: ದೇಹಕ್ಕೆ ಯಾವುದು ಹೆಚ್ಚು ಕಠಿಣ?

ಫುಟ್‌ಬಾಲ್ ಎಂದರೆ ಭಾರತವೂ ಸೇರಿದಂತೆ ಜಗತ್ತಿನ ಬಹುಭಾಗಕ್ಕೆ ಕಾಲ್ಚೆಂಡಾಟ. ಅಮೆರಿಕದಲ್ಲಿ ಮಾತ್ರ ಆ ಹೆಸರು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಯತ್ತ ನುಗ್ಗುವ ಬೇರೊಂದು ಆಟಕ್ಕೆ ಸಲ್ಲುತ್ತದೆ. ನಮ್ಮ ಫುಟ್‌ಬಾಲ್ ಅಲ್ಲಿ 'ಸಾಕರ್' ಎನಿಸಿಕೊಂಡಿದೆ. ಈ ಎರಡರಲ್ಲಿ ಯಾವುದು ಹೆಚ್ಚು ಕಠಿಣ ಎಂಬ ವಾದ ಹಳೆಯದು. ಉತ್ತರ ಹುಡುಕುವ ಮುನ್ನ 'ಕಠಿಣ' ಎಂಬ ಪದವನ್ನು ಬಿಡಿಸಿ ನೋಡಬೇಕು. ದಣಿವು ಒಂದು, ಬಲಪ್ರಯೋಗ ಇನ್ನೊಂದು, ದೇಹ ತೆರುವ ಬೆಲೆ ಮತ್ತೊಂದು. ಈ ಮೂರಕ್ಕೂ ಒಂದೇ ಅಳತೆಗೋಲು ಸಾಲದು.

ಒಂದೇ ಬೇರಿನ ಎರಡು ಕವಲು

1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ಕಾಲ್ಚೆಂಡಾಟದ ನಿಯಮಗಳು ಲಿಖಿತ ರೂಪ ಪಡೆದವು. 'ಸಾಕರ್' ಎಂಬ ಪದವೂ ಇಂಗ್ಲೆಂಡಿನದೇ. 'ಅಸೋಸಿಯೇಷನ್' ಎಂಬುದರ ಹ್ರಸ್ವ ರೂಪ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ನಡುವೆ ನಡೆದ ಪಂದ್ಯವನ್ನು ಅಮೆರಿಕನ್ ಕಾಲೇಜು ಫುಟ್‌ಬಾಲಿನ ಆರಂಭವೆಂದು ಗಣಿಸಲಾಗುತ್ತದೆಯಾದರೂ, ಅದು ಹೆಚ್ಚಾಗಿ ಸಾಕರ್‌ಗೇ ಹತ್ತಿರವಾಗಿತ್ತು. 1880ರಲ್ಲಿ ವಾಲ್ಟರ್ ಕ್ಯಾಂಪ್ ಅವರ ಪ್ರಯತ್ನದಿಂದ, ಎರಡೂ ತಂಡಗಳು ಒಂದು ರೇಖೆಯ ಇಕ್ಕೆಲಗಳಲ್ಲಿ ಎದುರುಬದುರಾಗಿ ನಿಂತು ಆಟ ಆರಂಭಿಸುವ ಕ್ರಮ ಬಂದಿತು. ಅಲ್ಲಿಂದ ಎರಡು ಆಟಗಳ ದಾರಿ ಬೇರೆಯಾಯಿತು. ಒಂದು ಎಡೆಬಿಡದೆ ಹರಿಯುವ ಆಟವಾದರೆ, ಇನ್ನೊಂದು ನಿಂತು ನಿಂತು ಸ್ಫೋಟಿಸುವ ಆಟ.

ಓಟದ ಲೆಕ್ಕ

ಸಾಕರ್ ಪಂದ್ಯದ ಅವಧಿ 90 ನಿಮಿಷ. ನಡುವೆ 15 ನಿಮಿಷಗಳ ಒಂದೇ ವಿರಾಮ. ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 55ರಿಂದ 60 ನಿಮಿಷ. ಉನ್ನತ ಮಟ್ಟದ ಮಿಡ್‌ಫೀಲ್ಡ್ ಆಟಗಾರ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ದೂರ ಕ್ರಮಿಸುತ್ತಾನೆ. ಇದರಲ್ಲಿ ಬಹುಪಾಲು ನಡಿಗೆ ಮತ್ತು ನಿಧಾನ ಓಟ; ಪೂರ್ಣ ವೇಗದ ಓಟದ ಪಾಲು ಅಲ್ಪ. ಆದರೆ ಕೆಲವೇ ಸೆಕೆಂಡುಗಳಿಗೊಮ್ಮೆ ವೇಗ ಮತ್ತು ದಿಕ್ಕು ಬದಲಾಗುತ್ತಲೇ ಇರುತ್ತವೆ. ಆಟದುದ್ದಕ್ಕೂ ಹೃದಯ ಬಡಿತ ಗರಿಷ್ಠ ಮಿತಿಯ ಸರಾಸರಿ ಶೇ 85ರ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ಕ್ರೀಡಾವಿಜ್ಞಾನದ ಅಧ್ಯಯನಗಳು ತೋರಿಸಿವೆ.

ಇಲ್ಲಿ ವಿಶ್ರಾಂತಿಗೆ ನಿಯಮಗಳ ಬೆಂಬಲ ಕಡಿಮೆ. ಹೊರಹೋದ ಆಟಗಾರ ಮರಳಿ ಬರುವಂತಿಲ್ಲ. ಬದಲಿ ಆಟಗಾರರ ಸಂಖ್ಯೆಯನ್ನು ಮೂರರಿಂದ ಐದಕ್ಕೆ ಏರಿಸುವ ಅವಕಾಶ 2020ರಲ್ಲಿ ತಾತ್ಕಾಲಿಕವಾಗಿ ಬಂದು 2022ರಲ್ಲಿ ಕಾಯಂ ಆಯಿತು. ಹಾಗಿದ್ದರೂ ತಂಡದ ಆರು ಮಂದಿಯಾದರೂ ಸಾಮಾನ್ಯವಾಗಿ ಪೂರ್ಣಾವಧಿ ಆಡಲೇಬೇಕು.

ಕೆಲವೇ ಸೆಕೆಂಡುಗಳ ಸ್ಫೋಟ

ಅಮೆರಿಕನ್ ಫುಟ್‌ಬಾಲಿನ ಗಡಿಯಾರದ ಅವಧಿ 60 ನಿಮಿಷ. ಪಂದ್ಯ ಮುಗಿಯಲು ಮೂರು ಗಂಟೆಗೂ ಹೆಚ್ಚು ಸಮಯ ಬೇಕು. 2010ರಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ ನಡೆಸಿದ ವಿಶ್ಲೇಷಣೆಯ ಪ್ರಕಾರ, ಚೆಂಡು ನಿಜವಾಗಿ ಚಲನೆಯಲ್ಲಿರುವುದು ಸುಮಾರು 11 ನಿಮಿಷ ಮಾತ್ರ. ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುನ್ನಡೆಯಲು ನಾಲ್ಕು ಯತ್ನಗಳು ದೊರೆಯುತ್ತವೆ. ಪ್ರತಿ ಯತ್ನವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ದಾಳಿ ಮತ್ತು ರಕ್ಷಣೆಗೆ ಪ್ರತ್ಯೇಕ ಆಟಗಾರರಿದ್ದು, ಬದಲಾವಣೆಗೆ ಮಿತಿಯಿಲ್ಲ. ಎನ್‌ಎಫ್‌ಎಲ್ ತಂಡವೊಂದರಲ್ಲಿ 53 ಆಟಗಾರರಿರುತ್ತಾರೆ.

ಆದ್ದರಿಂದ ಇದು ಸುಲಭದ ಆಟವೆಂದು ತೀರ್ಮಾನಿಸುವುದು ತಪ್ಪಾದೀತು. ಮುಂಚೂಣಿಯ ರಕ್ಷಕರಾದ ಆಫೆನ್ಸಿವ್ ಲೈನ್‌ಮನ್‌ಗಳ ತೂಕ ಸುಮಾರು 140 ಕೆ.ಜಿ. ಅಷ್ಟೇ ಬಲಿಷ್ಠನಾದ ಎದುರಾಳಿಯನ್ನು ಅವರು ಪ್ರತಿ ಯತ್ನದಲ್ಲೂ ತಡೆದು ನಿಲ್ಲಿಸಬೇಕು. ಇಂಥ ಕ್ಷಣಿಕ ಶ್ರಮಕ್ಕೆ ಸ್ನಾಯುಗಳು ತಮ್ಮಲ್ಲೇ ಸಂಗ್ರಹವಾಗಿರುವ ಶಕ್ತಿಯನ್ನು ಬಳಸುತ್ತವೆ. ಅದು ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಮುಂದಿನ ಯತ್ನದೊಳಗೆ ಭಾಗಶಃ ಮಾತ್ರ ತುಂಬಿಕೊಳ್ಳುತ್ತದೆ.

ಈ ವಿಶೇಷ ದೇಹರಚನೆ ನಿಯಮಗಳ ಫಲವೆಂಬುದು ಗಮನಾರ್ಹ. ಮಿತಿಯಿಲ್ಲದ ಬದಲಾವಣೆಗೆ ಎನ್‌ಎಫ್‌ಎಲ್ 1950ರಲ್ಲಿ ಕಾಯಂ ಅನುಮತಿ ನೀಡಿತು. ಅದಕ್ಕೂ ಮುನ್ನ ದಾಳಿ ಮತ್ತು ರಕ್ಷಣೆ ಎರಡನ್ನೂ ಒಬ್ಬನೇ ನಿರ್ವಹಿಸುವುದು ಸಾಮಾನ್ಯವಾಗಿತ್ತು. 1960ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಚಕ್ ಬೆಡ್ನಾರಿಕ್ ಹೀಗೆ ಆಡಿದ ಕೊನೆಯವರಲ್ಲಿ ಒಬ್ಬರು. ಉಸಿರು ಉಳಿಸಿಕೊಳ್ಳುವ ಅಗತ್ಯ ತಗ್ಗಿದಂತೆ ದೇಹದ ಗಾತ್ರ ಹಿಗ್ಗಿತು.

ಪಕ್ಷಿನೋಟ

* ಮೈದಾನ: ಸಾಕರ್ ಅಂತರರಾಷ್ಟ್ರೀಯ ಪಂದ್ಯಗಳಿಗೆ 100ರಿಂದ 110 ಮೀಟರ್ ಉದ್ದ, 64ರಿಂದ 75 ಮೀಟರ್ ಅಗಲ. ಅಮೆರಿಕನ್ ಫುಟ್‌ಬಾಲ್ ಮೈದಾನ ಸುಮಾರು 110 ಮೀಟರ್ ಉದ್ದ, 49 ಮೀಟರ್ ಅಗಲ.
* ಆಟಗಾರರು: ಎರಡರಲ್ಲೂ ಮೈದಾನದಲ್ಲಿ ತಲಾ 11 ಮಂದಿ.
* ಪಂದ್ಯಗಳು: ಎನ್‌ಎಫ್‌ಎಲ್ ಸಾಮಾನ್ಯ ಋತುವಿನಲ್ಲಿ 2021ರಿಂದ ತಂಡಕ್ಕೆ 17 ಪಂದ್ಯ, ಬಹುತೇಕ ವಾರಕ್ಕೊಂದು. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ 38. ಇತರ ಟೂರ್ನಿಗಳು ಇದಕ್ಕೆ ಹೆಚ್ಚುವರಿ.
* ಸಾಮಾನ್ಯ ಗಾಯಗಳು: ಸಾಕರ್‌ನಲ್ಲಿ ತೊಡೆಯ ಸ್ನಾಯು, ಮಂಡಿ ಮತ್ತು ಹಿಮ್ಮಡಿ ಕೀಲು. ಅಮೆರಿಕನ್ ಫುಟ್‌ಬಾಲಿನಲ್ಲಿ ಇವುಗಳ ಜತೆಗೆ ಭುಜ, ಕುತ್ತಿಗೆ ಮತ್ತು ತಲೆ.

ವಾರಕ್ಕೊಂದೇ ಪಂದ್ಯ ಎಂಬುದರಲ್ಲಿಯೇ ಒಂದು ಸೂಚನೆಯಿದೆ. ಸಾಕರ್ ಆಟಗಾರ ಮೂರು ನಾಲ್ಕು ದಿನಗಳಲ್ಲಿ ಮತ್ತೆ ಕಣಕ್ಕಿಳಿಯಬಲ್ಲ. ಅಮೆರಿಕನ್ ಫುಟ್‌ಬಾಲಿನ ಡಿಕ್ಕಿಗಳಿಂದ ಚೇತರಿಸಿಕೊಳ್ಳಲು ದೇಹ ಅದಕ್ಕಿಂತ ಹೆಚ್ಚು ಕಾಲಾವಕಾಶ ಬೇಡುತ್ತದೆ.

ತಲೆಗೆ ಬೀಳುವ ಪೆಟ್ಟು

ಅಮೆರಿಕನ್ ಫುಟ್‌ಬಾಲಿನ ಅಪಾಯ ಹೊಸ ಸಂಗತಿಯಲ್ಲ. ಕಾಲೇಜು ಆಟಗಾರರ ಸಾವುನೋವುಗಳಿಂದ ಆತಂಕಗೊಂಡ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1905ರಲ್ಲಿ ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿಕೊಂಡಿದ್ದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತು, ಗುಂಪುಗೂಡಿ ನುಗ್ಗಾಡುವುದು ತಗ್ಗಿತು. ಮುಂದೆ ಗಟ್ಟಿ ಹೆಲ್ಮೆಟ್ ಬಂದಿತು. ಅದು ತಲೆಬುರುಡೆಯನ್ನು ಒಡೆಯದಂತೆ ಕಾಯುತ್ತದೆಯೇ ಹೊರತು, ಒಳಗಿನ ಮಿದುಳು ಅಲುಗಾಡುವುದನ್ನು ತಡೆಯಲಾರದು.

2002ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ 50ನೇ ವಯಸ್ಸಿನಲ್ಲಿ ನಿಧನರಾದರು. ಅವರ ಮಿದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು, ಪದೇಪದೇ ಬೀಳುವ ಪೆಟ್ಟಿನಿಂದ ಉಂಟಾಗುವ 'ಸಿಟಿಇ' ಎಂಬ ಕ್ಷಯಕಾರಿ ರೋಗವನ್ನು ಗುರುತಿಸಿದರು. 2017ರಲ್ಲಿ ಪ್ರಕಟವಾದ ಬಾಸ್ಟನ್ ಸಂಶೋಧಕರ ಅಧ್ಯಯನದಲ್ಲಿ, ಎನ್‌ಎಫ್‌ಎಲ್‌ನ 111 ಮಾಜಿ ಆಟಗಾರರ ಪೈಕಿ 110 ಮಂದಿಯ ಮಿದುಳಿನಲ್ಲಿ ಈ ರೋಗ ಕಂಡುಬಂದಿತು. ಇವು ದಾನವಾಗಿ ಬಂದ ಮಿದುಳುಗಳು. ರೋಗಲಕ್ಷಣ ಕಂಡ ಕುಟುಂಬಗಳೇ ಹೆಚ್ಚಾಗಿ ದಾನ ಮಾಡುವುದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣ ಅನ್ವಯಿಸದು.

ಸಾಕರ್ ಕೂಡ ಈ ಪ್ರಶ್ನೆಯಿಂದ ಹೊರತಲ್ಲ. ಇಂಗ್ಲೆಂಡಿನ ಜೆಫ್ ಆಸ್ಟಲ್ 2002ರಲ್ಲಿ 59ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಚೆಂಡನ್ನು ತಲೆಯಿಂದ ಹೊಡೆದುದೇ ಮಿದುಳಿನ ಹಾನಿಗೆ ಕಾರಣವೆಂದು ವಿಚಾರಣೆ ತಿಳಿಸಿತು. ಅದನ್ನು 'ವೃತ್ತಿಜನ್ಯ ರೋಗ' ಎಂದು ಕರೆಯಲಾಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡ 7,676 ಸ್ಕಾಟಿಷ್ ಮಾಜಿ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿತು. ಮಿದುಳು ಕ್ಷಯಿಸುವ ರೋಗಗಳಿಂದ ಅವರು ಸಾಯುವ ಸಂಭವ ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಹೃದ್ರೋಗ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಂಭವ ಮಾತ್ರ ಕಡಿಮೆ. ಓಟ ಕೊಟ್ಟ ಲಾಭ, ತಲೆಗೆ ಆದ ನಷ್ಟ ಎರಡೂ ಒಂದೇ ಲೆಕ್ಕದಲ್ಲಿ ಕಾಣುತ್ತವೆ.

ಬಿಸಿಲು ಮತ್ತು ಹೃದಯ

2001ರ ಆಗಸ್ಟ್ 1ರಂದು ಮಿನ್ನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್, ಅಭ್ಯಾಸದ ವೇಳೆ ತಗುಲಿದ ಉಷ್ಣಾಘಾತದಿಂದ ಮೃತಪಟ್ಟರು. ಅವರಿಗೆ 27 ವರ್ಷ. ಭಾರೀ ದೇಹ, ಮೈತುಂಬ ರಕ್ಷಾಕವಚ, ಬೇಸಿಗೆಯ ತರಬೇತಿ ಸೇರಿದಾಗ ಅಪಾಯ ಬೆಳೆಯುತ್ತದೆ. 2003ರ ಜೂನ್‌ನಲ್ಲಿ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ಸಾಕರ್ ಮೈದಾನದಲ್ಲೇ ಕುಸಿದು ಅಸುನೀಗಿದರು; ಅವರಿಗೆ ಹೃದಯ ಸ್ನಾಯುವಿನ ದೋಷವಿತ್ತು.

ನಂತರದ ಎರಡು ಘಟನೆಗಳು ಭಿನ್ನವಾಗಿ ಮುಗಿದವು. 2021ರಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್, 2023ರ ಜನವರಿಯಲ್ಲಿ ಬಫಲೋ ಬಿಲ್ಸ್‌ನ ಡಾಮರ್ ಹ್ಯಾಮ್ಲಿನ್ ಮೈದಾನದಲ್ಲಿ ಹೃದಯ ಸ್ತಂಭನಕ್ಕೆ ಒಳಗಾದರೂ, ಸ್ಥಳದಲ್ಲೇ ದೊರೆತ ಚಿಕಿತ್ಸೆಯಿಂದ ಬದುಕುಳಿದು ಮತ್ತೆ ಆಟಕ್ಕೆ ಮರಳಿದರು.

ಯಾವುದು ಕಠಿಣ?

ಸಹನಶಕ್ತಿಯನ್ನು ಅಳತೆಯಾಗಿಟ್ಟುಕೊಂಡರೆ ಸಾಕರ್ ಕಠಿಣ. ಕ್ಷಣಿಕ ಬಲ ಹಾಗೂ ಡಿಕ್ಕಿಯನ್ನು ತಾಳುವ ಸಾಮರ್ಥ್ಯವೇ ಅಳತೆಯಾದರೆ ಅಮೆರಿಕನ್ ಫುಟ್‌ಬಾಲ್ ಕಠಿಣ. ಲೈನ್‌ಮನ್ ಒಬ್ಬ 90 ನಿಮಿಷ ಓಡಲಾರ. ಮಿಡ್‌ಫೀಲ್ಡ್ ಆಟಗಾರ ಮುಂಚೂಣಿಯ ಡಿಕ್ಕಿಯಲ್ಲಿ ನಿಲ್ಲಲಾರ.

ದೇಹ ತೆರುವ ಬೆಲೆಯ ವಿಷಯ ಬೇರೆ. ದಣಿವು ವಿಶ್ರಾಂತಿಯಿಂದ ಕಳೆಯುತ್ತದೆ, ಮಿದುಳಿನ ಹಾನಿ ಕಳೆಯದು. ಈ ಅರಿವಿನಿಂದಲೇ ಅಮೆರಿಕದ ಸಾಕರ್ ಸಂಸ್ಥೆ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಚೆಂಡನ್ನು ತಲೆಯಿಂದ ಹೊಡೆಯುವುದನ್ನು ನಿಷೇಧಿಸಿತು. ಡಿಕ್ಕಿಯಿಲ್ಲದೆ, ಸೊಂಟದ ಪಟ್ಟಿ ಕಿತ್ತು ಎದುರಾಳಿಯನ್ನು ತಡೆಯುವ 'ಫ್ಲ್ಯಾಗ್ ಫುಟ್‌ಬಾಲ್' 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಆಯ್ಕೆಯಾಗಿದೆ. ಕ್ರಿಕೆಟ್ ಜತೆಗೇ ಅದಕ್ಕೆ ಒಪ್ಪಿಗೆ ದೊರೆತದ್ದು 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ಪೋಷಕರು ಆಟ ಎಷ್ಟು ಕಠಿಣ ಎಂಬುದಕ್ಕಿಂತ, ತಲೆಗೆ ಪೆಟ್ಟು ಬಿದ್ದ ದಿನ ಮಗುವನ್ನು ಆಟದಿಂದ ಹೊರಗೆ ಕೂರಿಸುವ ತರಬೇತುದಾರ ಅಲ್ಲಿದ್ದಾನೆಯೇ ಎಂದು ಮೊದಲು ವಿಚಾರಿಸುವುದು ಒಳಿತು.