ಪ್ರೇಮವೂ ಕುತೂಹಲವೂ: ಕನ್ನಡ ಕಾದಂಬರಿಯ ಓದುಗ ಬೆಳೆದ ಬಗೆ

(ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಡೆದ ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೃತ್ತಿಯಿಂದ ವೈದ್ಯರಾದ ನಮ್ಮನ್ನು ಸಾಹಿತ್ಯದ ಬಗೆಗೆ ಮಾತನಾಡಲು ಕರೆದಿರುವುದು ತಮ್ಮ ಔದಾರ್ಯ. ನಾವು ವಿಮರ್ಶಕರಲ್ಲ, ಬರಿಯ ಓದುಗರು. ಅದರಲ್ಲಿಯೂ, ಪ್ರೇಮಕಥೆಯ ನಡುವೆ ಒಂದು ಗುಟ್ಟು ಅಡಗಿರುವ ಕಾದಂಬರಿ ಕೈಗೆ ಸಿಕ್ಕಿದರೆ ನಿದ್ದೆಗೆಟ್ಟು ಓದುವ ವರ್ಗಕ್ಕೆ ಸೇರಿದವರು. ಎಂ.ಬಿ.ಬಿ.ಎಸ್. ಓದುವಾಗ ಹಾಸ್ಟೆಲಿನಲ್ಲಿ ಅಂಗರಚನಾಶಾಸ್ತ್ರದ ದಪ್ಪ ಪುಸ್ತಕದ ಮರೆಯಲ್ಲಿಟ್ಟುಕೊಂಡು ಇಂಥ ಕಾದಂಬರಿಗಳನ್ನು ಓದಿದ್ದುಂಟು. ಯಾರಾದರೂ ಕೇಳಿದರೆ ಮಾತ್ರ ನಾವು ಹೇಳುತ್ತಿದ್ದುದು ಕಾರಂತರ, ಕುವೆಂಪು ಅವರ ಹೆಸರುಗಳನ್ನೇ. ಆ ಸಂಕೋಚ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದೇ ಈ ಉಪನ್ಯಾಸದ ಉದ್ದೇಶ.

ಬಂಕಿಮಚಂದ್ರರ 'ದುರ್ಗೇಶನಂದಿನಿ' 1865ರಲ್ಲಿ ಬಂಗಾಳಿಯಲ್ಲಿ ಹೊರಬಂದಿತು. ಬಿ. ವೆಂಕಟಾಚಾರ್ಯರು ಬಂಗಾಳಿ ಭಾಷೆಯನ್ನು ಕಲಿತು 1885ರಲ್ಲಿ ಅದನ್ನು ಕನ್ನಡಕ್ಕೆ ತಂದರು. ಅದರ ಆರಂಭವನ್ನು ನೆನೆಯಿರಿ. ಬಿರುಗಾಳಿಯ ರಾತ್ರಿ, ಒಂಟಿ ಕುದುರೆ ಸವಾರ, ದಾರಿಯಲ್ಲೊಂದು ಶಿವಾಲಯ, ಒಳಗೆ ಇಬ್ಬರು ಹೆಂಗಸರು. ಅವರು ಯಾರೆಂದು ಅವನಿಗೂ ತಿಳಿಯದು, ಓದುಗನಿಗೂ ತಿಳಿಯದು. ಪ್ರೇಮವೂ ಕುತೂಹಲವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಪುರಾಣ ಪ್ರವಚನಗಳ ಕತೆಯ ಕೊನೆಯನ್ನು ಮೊದಲೇ ಬಲ್ಲ ಶ್ರೋತೃವಿಗೆ, ಕೊನೆಯೇ ಗೊತ್ತಿಲ್ಲದ ಕತೆ ಹೊಸ ಅನುಭವವಾಗಿತ್ತು. ಕನ್ನಡಿಗರಿಗೆ ಕಾದಂಬರಿ ಓದುವ ಹವ್ಯಾಸ ಹಿಡಿಸಿದವರಲ್ಲಿ ವೆಂಕಟಾಚಾರ್ಯರು ಮೊದಲಿಗರು.

1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಮೊಂಬಾಸಾದಿಂದ ಹೊರಟ ರೈಲು ಹಳಿ ನೈರೋಬಿಯನ್ನು ಮುಟ್ಟಿದ್ದೂ ಅದೇ ವರ್ಷ. ನಾವಿಂದು ಕುಳಿತಿರುವ ಈ ನಗರವೂ ನಮ್ಮ ಸಾಮಾಜಿಕ ಕಾದಂಬರಿಯೂ ಒಂದೇ ವಯಸ್ಸಿನವು! ಬಾಲವಿಧವೆಯಾದ ಇಂದಿರೆ ಮನೆಯಿಂದ ಹೊರಬಿದ್ದು, ವಿದ್ಯೆ ಕಲಿತು, ಭಾಸ್ಕರನನ್ನು ಮದುವೆಯಾಗುತ್ತಾಳೆ. ಸುಧಾರಣೆಯ ಸಂದೇಶವನ್ನು ಹೊತ್ತ ಕೃತಿ ಅದು. ಆದರೆ ಆ ಹುಡುಗಿ ಪಾರಾದಾಳೇ ಎಂಬ ಆತಂಕವಿಲ್ಲದಿದ್ದರೆ ಸಂದೇಶ ಎಷ್ಟು ಜನರನ್ನು ಮುಟ್ಟುತ್ತಿತ್ತು?

ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942) ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿದರು, ಸ್ವತಂತ್ರವಾಗಿಯೂ ಬರೆದರು. ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಓದುಗ ಪುಸ್ತಕವಿದ್ದಲ್ಲಿಗೆ ಬರಲೆಂದು ಕಾಯದೆ, ಪುಸ್ತಕವೇ ಓದುಗನ ಮನೆಗೆ ಹೋದ ಕಾಲ ಅದು.

1950ರ ದಶಕದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮನೆಮಾತಾದ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಬರೆದ ಪತ್ತೇದಾರಿ ಕಾದಂಬರಿಗಳು ಐನೂರನ್ನು ಮೀರುತ್ತವೆ. ಕಡಿಮೆ ಬೆಲೆಯ ಆ ಪುಸ್ತಕಗಳಿಂದ ಓದಿನ ರುಚಿ ಹತ್ತಿಸಿಕೊಂಡು ಮುಂದೆ ಗಂಭೀರ ಸಾಹಿತ್ಯಕ್ಕೆ ಬಂದವರು ಅಸಂಖ್ಯ.

ತ್ರಿವೇಣಿಯವರದು (1928–1963) ಬೇರೆಯೇ ದಾರಿ. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಅವರು ಕುತೂಹಲವನ್ನು ಮನಸ್ಸಿನೊಳಗೇ ಇಟ್ಟರು. 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಾಸ್ಥ್ಯಕ್ಕೆ ಗುರಿಯಾಗಿ, ಗುಣಹೊಂದಿ ಮನೆಗೆ ಮರಳುತ್ತಾಳೆ. ಗಂಡ, ನೆರೆಹೊರೆ ಅವಳನ್ನು ಸ್ವೀಕರಿಸುವರೇ? ಕೊಲೆಯೂ ಇಲ್ಲ, ಪತ್ತೇದಾರನೂ ಇಲ್ಲ, ಆದರೂ ಪುಟ ಮಗುಚುವಾಗ ಎದೆ ಹೊಡೆದುಕೊಳ್ಳುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಕಾಣುವ ಈ ತೀವ್ರ ಮನೋವ್ಯಾಧಿಯ ಪರಿಚಯ ನಮಗೆ ಮೊದಲು ಆದದ್ದು ವೈದ್ಯಕೀಯ ಪಠ್ಯದಿಂದಲ್ಲ, ಈ ಕಾದಂಬರಿಯಿಂದ. ರೋಗ ಗುಣವಾದ ಮೇಲೂ ರೋಗಿಯ ಕಷ್ಟ ಮುಗಿಯುವುದಿಲ್ಲ ಎಂಬ ಪಾಠವನ್ನು, ಮುಂದೆ ವಿದೇಶದ ರೆಸಿಡೆನ್ಸಿಯಲ್ಲಿಯೂ ಯಾರೂ ನಮಗೆ ಇಷ್ಟು ಚೆನ್ನಾಗಿ ಕಲಿಸಲಿಲ್ಲ.

ಟಿ.ಕೆ. ರಾಮರಾಯರು ಪ್ರೇಮ, ಸಂಸಾರ, ರಹಸ್ಯ ಈ ಮೂರನ್ನೂ ಒಂದೇ ನೇಯ್ಗೆಯಲ್ಲಿ ತಂದವರು. ಅವರ 'ಬಂಗಾರದ ಮನುಷ್ಯ'ವನ್ನು ಆಧರಿಸಿದ 1972ರ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಹಳ್ಳಿಗೆ ಮರಳಿ ಬೇಸಾಯ ಮಾಡಿದ ರಾಜೀವನನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅವನು ಗುಟ್ಟಾಗಿ ಕಾಣುತ್ತಿದ್ದ ಆ ಹೆಂಗಸು ಯಾರು ಎಂಬ ಪ್ರಶ್ನೆಯೂ ನಮ್ಮನ್ನು ಕೊನೆಯವರೆಗೆ ಕೂರಿಸಿತಲ್ಲವೆ? ಅವಳು ತೀರಿಹೋದ ಭಾವನ ಎರಡನೆಯ ಹೆಂಡತಿಯೆಂದು ಮನೆಯವರಿಗೆ ತಿಳಿಯುವ ಹೊತ್ತಿಗೆ ರಾಜೀವ ಮನೆ ತೊರೆದಾಗಿರುತ್ತದೆ. ಗುಟ್ಟು ಬಯಲಾದಾಗ ನಮಗೆ ಕಾಣುವುದು ಅಪರಾಧಿಯಲ್ಲ, ಒಬ್ಬ ಮನುಷ್ಯನ ದೊಡ್ಡತನ.

'ಸುಧಾ' 1965ರಲ್ಲಿ, 'ತರಂಗ' 1983ರಲ್ಲಿ ಆರಂಭವಾದವು. ವಾರಪತ್ರಿಕೆಗಳ ಧಾರಾವಾಹಿಗಳು ಈ ಕುತೂಹಲವನ್ನು ವಾರದಿಂದ ವಾರಕ್ಕೆ ಕಾಯುವ ಶಿಸ್ತಾಗಿ ಮಾರ್ಪಡಿಸಿದವು. ನಮ್ಮ ತಾಯಿಯವರು ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ಜೋಡಿಸಿ, ದಬ್ಬಣದಿಂದ ಹೊಲಿದು ರಟ್ಟು ಹಾಕುತ್ತಿದ್ದರು. ಅಂಥ ಒಂದು ಕಟ್ಟು ನಮ್ಮೊಡನೆ ಪಾರ್ಕ್‌ಲ್ಯಾಂಡ್ಸ್‌ಗೆ ಬಂದಿದೆ. ಅದರ ಮೊದಲ ಹಾಳೆ ಹರಿದುಹೋಗಿ ಲೇಖಕರ ಹೆಸರೂ ಇಲ್ಲ, ಕೊನೆಯ ಕಂತುಗಳೂ ಇಲ್ಲ.

ಇನ್ನು ಈ ನೆಲದ ಮಾತು. ಗೂಗಿ ವಾ ಥಿಯಾಂಗೊ ಅವರ 'ಪೆಟಲ್ಸ್ ಆಫ್ ಬ್ಲಡ್' (1977) ಸ್ವಾತಂತ್ರ್ಯಾನಂತರದ ಕೀನ್ಯಾವನ್ನು ಕಟುವಾಗಿ ಪರೀಕ್ಷಿಸುವ ಕೃತಿ. ಅದು ತೆರೆದುಕೊಳ್ಳುವುದು ಮೂವರ ಕೊಲೆಯಿಂದ, ಪೊಲೀಸರ ತನಿಖೆಯಿಂದ. ಕುತೂಹಲ ಕೀಳುಮಟ್ಟದ ಸಾಧನವಾಗಿದ್ದರೆ ಅಂಥ ಲೇಖಕರು ಅದನ್ನು ಕೈಗೆತ್ತಿಕೊಳ್ಳುತ್ತಿದ್ದರೆ?

ಈಗ ಒಂದು ತಪ್ಪೊಪ್ಪಿಗೆ. ಸಂಘದ ಪುಸ್ತಕದ ಬೀರುವಿನಲ್ಲಿ ಸ್ಥಳ ಸಾಲದೆಂದು, 'ಜನಪ್ರಿಯ' ಕಾದಂಬರಿಗಳನ್ನು ವಿಲೇವಾರಿ ಮಾಡಿ ಪ್ರಶಸ್ತಿ ಪಡೆದ ಕೃತಿಗಳನ್ನಷ್ಟೇ ಉಳಿಸಿಕೊಳ್ಳುವ ಪಟ್ಟಿಯೊಂದು ಸಿದ್ಧವಾಗಿದೆ. ಅದಕ್ಕೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಹಾಸ್ಟೆಲಿನ ಆ ಹಳೆಯ ಸಂಕೋಚವೇ ನಮ್ಮ ಕೈಯಿಂದ ಸಹಿ ಹಾಕಿಸಿತು.

ಅದಾದ ಮೇಲೆ ನಡೆದ ಸಂಗತಿ ಇದು. ನಮ್ಮ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಮಾತನಾಡುತ್ತಾಳೆ, ಅಕ್ಷರ ಬಲ್ಲಳು, ಆದರೆ ಓದುವ ಮನಸ್ಸಿಲ್ಲ. ನಾವು ಕೊಟ್ಟ ಶ್ರೇಷ್ಠ ಕೃತಿಗಳು ಎರಡು ಪುಟ ದಾಟಲಿಲ್ಲ. ಒಂದು ರಜೆಯಲ್ಲಿ ಅಜ್ಜಿ ಹೊಲಿದ ಆ ಕಟ್ಟು ಅವಳ ಕೈಗೆ ಸಿಕ್ಕಿತು. ಮದುವೆ ನಿಶ್ಚಯವಾದ ಹುಡುಗಿ, ಹೆಸರಿಲ್ಲದ ಪತ್ರಗಳು, ಏನನ್ನೋ ಮುಚ್ಚಿಡುವ ಭಾವೀ ಪತಿ. ಬೆರಳಿಟ್ಟು, ಒತ್ತಕ್ಷರಗಳಲ್ಲಿ ಎಡವುತ್ತ, ಹನ್ನೊಂದು ದಿನಗಳಲ್ಲಿ ಇದ್ದಷ್ಟನ್ನೂ ಓದಿದಳು. ಕೊನೆಯ ಹಾಳೆ ಮುಗಿಸಿ ಬಂದು, "ಅಪ್ಪಾ, ಆಮೇಲೆ ಏನಾಯಿತು?" ಎಂದಳು. ನಮಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳಿದಳು. ಅಜ್ಜಿಗೂ ಮರೆತುಹೋಗಿತ್ತು. ಆದರೆ ಆ ದಿನ ಇಬ್ಬರೂ ಒಂದು ಗಂಟೆ, ಏನಾಗಿದ್ದಿರಬಹುದೆಂದು ಕನ್ನಡದಲ್ಲಿ ವಾದಿಸಿದರು.

ಆದುದರಿಂದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ವಿನಂತಿ ಇಷ್ಟೆ. ನಮ್ಮ ಸಹಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ. ಇನ್ನೊಂದು ಬೀರುವಿನ ಖರ್ಚು ನಮ್ಮದಿರಲಿ. ಅದರ ಕೆಳಗಿನ ಸಾಲಿನಲ್ಲಿ, ಮಕ್ಕಳ ಕೈಗೆ ಎಟುಕುವಂತೆ, ತ್ರಿವೇಣಿ, ರಾಮರಾವ್, ನರಸಿಂಹಯ್ಯನವರ ಪುಸ್ತಕಗಳಿರಲಿ. ಆ ಹೆಸರಿಲ್ಲದ ಕಾದಂಬರಿಯ ಕೊನೆಯ ಕಂತು ತಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ನಮ್ಮ ಮನೆಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ.